ಎಳೆ ಕಡಿದರೆ ನಿಲ್ಲುವ ಮಗ್ಗ

ಧಪ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಧಪ್. ಆಮೇಲೆ ಕಿಟಕಿಯ ಗಾಜು ಇಳಿಸುವ ಕಿರ್ ಎಂಬ ಸದ್ದು, ಮತ್ತೊಮ್ಮೆ ಧಪ್.

ಐರ್ಲೆಂಡಿನ ಡಬ್ಲಿನ್ನಿನ ಅಂಚಿನಲ್ಲಿರುವ ಬ್ಲಾಂಚರ್ಡ್ಸ್‌ಟೌನಿನ ಈ ಮನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನನ್ನ ಬೆಳಗು ಶುರುವಾಗುತ್ತಿದ್ದದ್ದು ಹೀಗೆ. ಪಕ್ಕದ ಮನೆಯವರು ತಮ್ಮ ಕಾರಿನ ಬಾಗಿಲನ್ನು ಮೂರು ಸಲ ಮುಚ್ಚುತ್ತಿದ್ದರು. ಬಾಗಿಲು ಕೂರುತ್ತಿರಲಿಲ್ಲ ಎಂದಲ್ಲ. ಅದು ಹೇಗೆ ಕೂರುತ್ತದೆ ಎಂದು ಕೇಳಿಸಿಕೊಳ್ಳುತ್ತಿದ್ದರು. ಬಂದ ಹೊಸತರಲ್ಲಿ ನಮ್ಮವರು ಕಿಟಕಿಯಿಂದ ನೋಡಿ, "ಪಾಪ, ಮನುಷ್ಯನಿಗೆ ಏನೋ ಮರೆವು ಇರಬೇಕು ಕಣೆ, ಲಾಕ್ ಮಾಡಿದೆನೋ ಇಲ್ಲವೋ ಅಂತ ಡೌಟು" ಎಂದಿದ್ದರು. ನಮ್ಮವರು ಡಾಕ್ಟರು, ಯಾರನ್ನು ಕಂಡರೂ ಮೊದಲು ಒಂದು ರೋಗ ಹುಡುಕುತ್ತಿದ್ದರು. ಆಮೇಲೆ ಗೊತ್ತಾಯಿತು, ರೋಗ ಹುಡುಕುತ್ತಿದ್ದವರು ಪಕ್ಕದ ಮನೆಯವರೇ, ಬಾಗಿಲಿನಲ್ಲಿ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರು ಹುಟ್ಟಿದ್ದು ಈ ದೇಶದ ಪಶ್ಚಿಮದ ಕಡೆಯ ಒಂದು ಊರಿನಲ್ಲಿ. ಅಲ್ಲಿನ ರೇಡಿಯೋದಲ್ಲಿ ಈಗಲೂ ಬೆಳಿಗ್ಗೆ ಸತ್ತವರ ಹೆಸರುಗಳನ್ನು ಓದುತ್ತಾರಂತೆ. "ಒಬ್ಬ ಮನುಷ್ಯನ ಹೆಸರನ್ನ ಒಂದು ಸಲ ಗಟ್ಟಿಯಾಗಿ ಓದಿದ್ರೆ ಸಾಕು, ಮಿಸಸ್" ಎನ್ನುತ್ತಿದ್ದರು. ಅವರ ಹೆಸರನ್ನು ಓದಿದ್ದೂ ಹೋದ ಚಳಿಗಾಲದಲ್ಲಿ ಆಗಿಹೋಯಿತು. ನಾನಾಗ ಬೆಂಗಳೂರಿನಲ್ಲಿದ್ದೆ, ಮಗಳು ಫೋನ್ ಮಾಡಿ ಹೇಳಿದಳು. ನಾನವರನ್ನು ಕೊನೆಯವರೆಗೂ ಮಿಸ್ಟರ್ ಎಂದೇ ಕರೆದೆ, ಅವರು ನನ್ನನ್ನು ಮಿಸಸ್ ಎಂದರು. ಮೊದಲ ಹೆಸರು ಹಿಡಿದು ಕರೆಯುವ ಈ ದೇಶದಲ್ಲಿ ನಾವಿಬ್ಬರು ಮಾತ್ರ ಹೀಗೆ ಹಳೇ ಕಾಲದವರ ಹಾಗೆ ಉಳಿದುಕೊಂಡೆವು. ಅವರು ಆಡಿದ್ದು ಇಂಗ್ಲಿಷು. ನನ್ನ ಕಿವಿಯಲ್ಲಿ ಉಳಿದಿರುವುದು ಮಾತ್ರ ಯಾಕೋ ಕನ್ನಡದಲ್ಲೇ.

ನಾನು ಕಾರು ಕಲಿತದ್ದು ಅವರ ಕೈಕೆಳಗೆ. ನಮ್ಮವರಿಗೆ ಆಸ್ಪತ್ರೆಯಲ್ಲಿ ಹಗಲಿರುಳೆನ್ನದೆ ಕಾಲ್ ಡ್ಯೂಟಿ. ನನಗೋ ಮಳೆಯಲ್ಲಿ ಮಗಳನ್ನು ಕಟ್ಟಿಕೊಂಡು ಬಸ್ಸಿಗೆ ಕಾಯುವ ಕೆಲಸ. ಒಂದು ದಿನ ಬೇಲಿಯ ಆ ಕಡೆಯಿಂದ ಅವರ ಹೆಂಡತಿ, "ಈ ಮನುಷ್ಯನಿಗೆ ಶನಿವಾರ ಕೆಲಸವಿಲ್ಲ, ಮನೆಯಲ್ಲಿದ್ರೆ ನನ್ನ ಕುಕ್ಕರ್ ಬಿಚ್ಚಿ ಕೂರ್ತಾರೆ. ದಯವಿಟ್ಟು ನೀವು ಕರ್ಕೊಂಡು ಹೋಗಿ" ಎಂದರು. ಹಾಗೆ ಶುರುವಾಯಿತು.

ಮೊದಲನೆಯ ಪಾಠದಲ್ಲಿ ಕೀಲಿ ಮುಟ್ಟಿಸಲೇ ಇಲ್ಲ. ರಸ್ತೆಯ ಆಚೆ ತುದಿಯಲ್ಲಿ ನಿಂತಿದ್ದ ಕಾರಿನ ನಂಬರ್ ಪ್ಲೇಟ್ ಓದಿಸಿದರು. ಎರಡನೆಯ ಪಾಠದಲ್ಲಿ ಬಾನೆಟ್ ತೆಗೆಸಿ ಎಂಜಿನ್ ತೋರಿಸಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಮ್ಮವರು ಇದನ್ನು ನೋಡಿ ಕರಗಿ ಹೋಗಿ, ತಮ್ಮ ಹಳೆಯ ಸ್ಟೆಥಸ್ಕೋಪನ್ನು ಪ್ರೆಸೆಂಟ್ ಕೊಟ್ಟರು. ಅವರು ಒಂದು ವಾರ ಬಳಸಿ ವಾಪಸ್ ತಂದರು. "ಬಹಳ ಚೆನ್ನಾಗಿದೆ ಡಾಕ್ಟ್ರೇ. ಆದ್ರೆ ಇದು ಎಲ್ಲಾ ಹೇಳುತ್ತೆ. ನನಗೆ ತೊಂದರೆ ಮಾತ್ರ ಕೇಳಿದ್ರೆ ಸಾಕು."

ಮೂರನೆಯ ಶನಿವಾರ ರೌಂಡ್‌ಅಬೌಟಿಗೆ ಕರೆದೊಯ್ದರು. ನಾನು ಕಾನ್ವೆಂಟಿನ ಹುಡುಗಿ. ಬೆಂಗಳೂರಿನ ಬೋರ್ಡಿಂಗಿನಲ್ಲಿ ನಮ್ಮನ್ನು ಬೆಳೆಸಿದ ಸಿಸ್ಟರ್‌ಗಳು ಐರ್ಲೆಂಡಿನವರೇ. ಮೊದಲು ಕಲಿಸಿದ ಮಾತು ಸಾರಿ, ಎರಡನೆಯದು ಪ್ಲೀಸ್. ಎಡಗಡೆಯಿಂದ ಒಂದು ಕಾರು ಬಂದರೆ ಸಾರಿ ಎಂದೆ, ಬಲಗಡೆಯಿಂದ ಬಂದರೂ ಸಾರಿ ಎಂದೆ. ಎರಡು ಸುತ್ತು ಸುಮ್ಮನಿದ್ದವರು ಮೂರನೆಯ ಸುತ್ತಿಗೆ ಹೇಳಿದರು, "ಮಿಸಸ್, ರೌಂಡ್‌ಅಬೌಟಿನ ಕ್ಷಮೆ ಕೇಳಿದ್ದು ಸಾಕು. ಈಗ ಹೊರಗೆ ಹೋಗೋಣ."

ಅವರು ಎಳೆಯ ವಯಸ್ಸಿನಲ್ಲಿ ಡಬ್ಲಿನ್ನಿನ ಒಂದು ಶೆಡ್ಡಿನಲ್ಲಿ ಜಪಾನಿನ ಕಾರುಗಳನ್ನು ಜೋಡಿಸುತ್ತಿದ್ದವರು. ಆಗ ಕಾರುಗಳು ಇಡಿಯಾಗಿ ಬರುತ್ತಿರಲಿಲ್ಲ. ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಹಡಗಿನಲ್ಲಿ ಬರುತ್ತಿದ್ದವು. ಕಂಪನಿಯ ಹೆಸರು ಬೇಡ, ಈಗ ಅದು ಲೋಕಕ್ಕೆಲ್ಲ ಗೊತ್ತು. ಆಗ ಅದರ ಹೆಸರು ಹೇಳಿದರೆ ಇಲ್ಲಿಯ ಜನ ನಗುತ್ತಿದ್ದರಂತೆ. ಬಿಸ್ಕತ್ ಡಬ್ಬಿ ಎನ್ನುತ್ತಿದ್ದರು. ಪಬ್ಬಿನಲ್ಲಿ ಇವರನ್ನು ಕಂಡರೆ, "ಏನಪ್ಪಾ, ಇವತ್ತು ಎಷ್ಟು ಡಬ್ಬಿ ಮುಚ್ಚಿದೆ?" ಎಂದು ಕೇಳುತ್ತಿದ್ದರಂತೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ ಎಂದು ಅವರೇ ಒಪ್ಪುತ್ತಿದ್ದರು. ಎಂಜಿನ್ ಗಟ್ಟಿ, ಮೈ ಮಾತ್ರ ಈ ದೇಶದ ತೇವಕ್ಕೆ ತುಕ್ಕು ಹಿಡಿಯುತ್ತಿತ್ತು. "ಆದ್ರೆ ಒಂದು ದಿನ ಜಪಾನಿನಿಂದ ಇಬ್ಬರು ಬಂದ್ರು. ತುಕ್ಕು ಹಿಡಿದ ಒಂದು ಬಾಗಿಲನ್ನ ಬಿಚ್ಚಿ, ಮಗುವಿಗೆ ಸುತ್ತೋ ಹಾಗೆ ಕಂಬಳಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ತಮ್ಮೂರಿಗೆ ತಗೊಂಡು ಹೋದ್ರು. ಬೇರೆ ಯಾವ ಕಂಪನಿ ತನ್ನ ತುಕ್ಕನ್ನ ಹಡಗು ಹತ್ತಿಸಿ ಮನೆಗೆ ಕರೆಸ್ಕೊಂಡಿದೆ, ಹೇಳಿ?"

ಆ ಕಂಪನಿಯ ಕಥೆಯನ್ನು ಅವರು ನಮ್ಮ ಕಡೆ ಪುರಾಣ ಹೇಳುವವರ ಹಾಗೆ ಹೇಳುತ್ತಿದ್ದರು. ಮೂಲಪುರುಷ ಕಾರಿನವನಲ್ಲ, ಮಗ್ಗದವನು. ಒಂದು ಎಳೆ ಕಡಿದರೂ ಸಾಕು, ತಾನೇ ನಿಂತುಬಿಡುವ ಮಗ್ಗವನ್ನು ಕಟ್ಟಿದನಂತೆ. ಮಗ ಮಗ್ಗ ಬಿಟ್ಟು ಕಾರಿಗೆ ಕೈಹಾಕಿದ, ಮಗ್ಗದ ಬುದ್ಧಿಯನ್ನು ಮಾತ್ರ ಬಿಡಲಿಲ್ಲ. ಕಾರು ಜೋಡಿಸುವ ಸಾಲಿನ ಮೇಲೆ ಒಂದು ಹಗ್ಗ ಕಟ್ಟಿದರು. ಯಾವ ಕೆಲಸಗಾರನ ಕಣ್ಣಿಗೆ ತಪ್ಪು ಬಿದ್ದರೂ ಅವನು ಹಗ್ಗ ಎಳೆಯಬೇಕು, ಎಲ್ಲರೂ ಬಂದು ನೋಡಬೇಕು, ಸರಿಹೋಗದಿದ್ದರೆ ಇಡೀ ಸಾಲು ನಿಲ್ಲಬೇಕು.

ಇದನ್ನು ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ನನ್ನ ತವರು ದೊಡ್ಡಬಳ್ಳಾಪುರ, ಮಗ್ಗದೂರು. ನಮ್ಮ ಮಗ್ಗಗಳು ಯಾರಿಗೂ ನಿಲ್ಲುತ್ತಿರಲಿಲ್ಲ. ಎಳೆ ಕಡಿದದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಅರ್ಧ ಗೇಣು ಕೆಟ್ಟಿರುತ್ತಿತ್ತು. ನಾನು ತೋರಿಸಿದರೆ ನಮ್ಮ ದೊಡ್ಡಮ್ಮ, "ಸುಮ್ನಿರೇ. ಉಟ್ಟ ಮೇಲೆ ನೆರಿಗೆ ಒಳಗೆ ಹೋಗುತ್ತೆ" ಎನ್ನುತ್ತಿದ್ದರು. ಇದನ್ನು ಹೇಳಿದಾಗ ಮಿಸ್ಟರ್‌ಗೆ ನೆರಿಗೆ ಎಂದರೆ ಏನೆಂದು ಅರ್ಥ ಮಾಡಿಸಲು ಎದ್ದು ನಿಂತು ಸೀರೆ ತೋರಿಸಬೇಕಾಯಿತು. ಅವರು ನನ್ನ ನೆರಿಗೆಗಳನ್ನು ಎಂಜಿನ್ ನೋಡುವಷ್ಟೇ ಗಂಭೀರವಾಗಿ ನೋಡಿ, "ಐರ್ಲೆಂಡಿಗೆ ಈ ಬಟ್ಟೆ ಬಂದಿದ್ರೆ ನಮ್ಮ ಅರ್ಧ ದೇಶ ಅದರೊಳಗೆ ಅಡಗಿ ಕೂತಿರ್ತಿತ್ತು" ಎಂದರು.

ಅವರ ಶೆಡ್ಡಿನಲ್ಲೂ ಹಗ್ಗದ ಕಥೆ ನಡೆದಿತ್ತು. ಕಲಿಸಲು ಬಂದ ಜಪಾನಿನವರೊಬ್ಬರ ಮಾತು ಕೇಳಿ, ಬಟ್ಟೆ ಒಣಗಿಸುವ ಹಗ್ಗವೊಂದನ್ನು ಉದ್ದಕ್ಕೂ ಕಟ್ಟಿ, ತುದಿಗೆ ಸೈಕಲ್ ಬೆಲ್ ಸಿಕ್ಕಿಸಿದರು. ಒಂದು ವಾರವಾದರೂ ಯಾರೂ ಎಳೆಯಲಿಲ್ಲ. ಪಕ್ಕದವನ ತಪ್ಪನ್ನು ಎತ್ತಿ ಹೇಳುವವನಿಗೆ ಈ ದೇಶದಲ್ಲಿ ಇನ್ಫಾರ್ಮರ್ ಎನ್ನುತ್ತಾರೆ, ಬ್ರಿಟಿಷರ ಕಾಲದಲ್ಲಿ ಅವರಿಗೆ ಸುದ್ದಿ ಮುಟ್ಟಿಸುತ್ತಿದ್ದವರ ಹೆಸರದು. ಅದಕ್ಕಿಂತ ಕೆಟ್ಟ ಬೈಗುಳ ಇವರ ಇತಿಹಾಸದಲ್ಲೇ ಇಲ್ಲ. ಕೊನೆಗೆ ಎಳೆದವರು ಇವರು, ತಮ್ಮದೇ ತಪ್ಪಿಗೆ. ಬಾಗಿಲಿನ ರಬ್ಬರು ಹಾಕುವುದನ್ನು ಮರೆತಿದ್ದರು. ಬೆಲ್ ಟ್ರಿಣ್ ಎಂದಾಗ ಇಡೀ ಶೆಡ್ಡು ನಕ್ಕಿತು. ಜಪಾನಿನವರು ನಡೆದು ಬಂದು, ನಿಂತು, ಸೊಂಟ ಬಗ್ಗಿಸಿ ಥ್ಯಾಂಕ್ ಯು ಎಂದರಂತೆ.

"ನನ್ನ ಜೀವನದಲ್ಲಿ ತಪ್ಪಿಗೆ ಥ್ಯಾಂಕ್ಸ್ ಸಿಕ್ಕಿದ್ದು ಅದೇ ಮೊದಲು, ಮಿಸಸ್. ನಮ್ಮ ಸ್ಕೂಲಲ್ಲಿ ತಪ್ಪಿಗೆ ಬೆತ್ತ."

"ನಮ್ಮ ಕಾನ್ವೆಂಟಿನಲ್ಲಿ ಸ್ಕೇಲು. ಅದೂ ಗೆಣ್ಣಿನ ಮೇಲೆ" ಎಂದೆ. "ಹೊಡೆದವರು ನಿಮ್ಮ ದೇಶದವರೇ."

"ನಾವು ಒಳ್ಳೇ ಮಾಲನ್ನ ಯಾವಾಗಲೂ ಎಕ್ಸ್‌ಪೋರ್ಟ್ ಮಾಡ್ತೀವಿ" ಎಂದರು.

ಆ ಶೆಡ್ಡು ಮುಚ್ಚಿ, ಕಾರುಗಳು ಇಡಿಯಾಗಿ ಬರತೊಡಗಿದ ಮೇಲೂ ಅವರು ಅದೇ ಕಂಪನಿಯ ಕಾರುಗಳ ಗರಾಜಿನಲ್ಲಿ ರಿಟೈರ್ ಆಗುವವರೆಗೆ ಕೆಲಸ ಮಾಡಿದರು. ನಕ್ಕ ಜನವೇ ಆ ಕಾರು ಬೇಕೆಂದು ಕ್ಯೂ ನಿಂತರು. ಟ್ಯಾಕ್ಸಿಯವರು ಅದನ್ನೇ ಕೊಂಡರು, ಪಾದ್ರಿಗಳು ಅದನ್ನೇ ಕೊಂಡರು. ಅವರಿಗೆ ಹೆಮ್ಮೆಯಿತ್ತು, ಆದರೆ ಹೇಳಿಕೊಳ್ಳುತ್ತಿರಲಿಲ್ಲ. ಹವಾ ಹೇಗಿದೆ, ಗ್ರ್ಯಾಂಡ್, ಎಂದರೆ ಇಲ್ಲಿಯವರ ಬಾಯಲ್ಲಿ ಚೆನ್ನಾಗಿದೆ ಎಂದಷ್ಟೆ. ಮಂಡಿನೋವು ಹೇಗಿದೆ, ಗ್ರ್ಯಾಂಡ್. ಮನುಷ್ಯರ ವಿಷಯದಲ್ಲೆಲ್ಲ ಗ್ರ್ಯಾಂಡ್ ಎನ್ನುತ್ತಿದ್ದವರು ಕಾರಿನ ಬಗ್ಗೆ ಮಾತ್ರ ಆ ಮಾತನ್ನು ಬಳಸಿದ್ದು ನಾನು ಕೇಳಿಲ್ಲ. ಏನಾದರೊಂದು ಇದ್ದೇ ಇರುತ್ತಿತ್ತು.

ಒಂದು ವರ್ಷ ಆ ಕಂಪನಿಯೇ ಲೋಕದ ಮುಂದೆ ತಲೆ ತಗ್ಗಿಸಬೇಕಾಯಿತು. ಎಲ್ಲೆಲ್ಲಿಂದಲೋ ಕಾರುಗಳನ್ನು ವಾಪಸ್ ಕರೆಸಿ ರಿಪೇರಿ ಮಾಡಿಕೊಡಬೇಕಾಗಿ ಬಂತು. ಗೊತ್ತಿದ್ದೂ ತಡಮಾಡಿದರು ಎಂದು ಪೇಪರಿನಲ್ಲೆಲ್ಲ ಬಂತು. ಅವರ ಮನೆಯ ಗರಾಜಿನ ಗೋಡೆಯಲ್ಲಿ ಪ್ರತಿವರ್ಷ ಆ ಕಂಪನಿಯ ಕ್ಯಾಲೆಂಡರ್ ತೂಗುತ್ತಿತ್ತು, ಹಿಮದ ಬೆಟ್ಟದ್ದೋ ಚೆರಿ ಹೂವಿನದೋ ಚಿತ್ರದೊಂದಿಗೆ. ನಾನು ಹೋದಾಗ ಅದು ಗೋಡೆಗೆ ಮುಖ ಮಾಡಿ ತೂಗುತ್ತಿತ್ತು.

"ಇದೇನು?"

"ಒಂದು ತಿಂಗಳು ಹಾಗೇ ಇರಲಿ. ತಪ್ಪು ಆಗಿದ್ದಕ್ಕಲ್ಲ. ಹಗ್ಗ ಕಟ್ಟೋದು ಕಲಿಸಿದವರು ಇವರು. ಇವರೇ ಎಳೆಯೋಕೆ ತಡ ಮಾಡಿದ್ರಲ್ಲ."

ಒಂದು ತಿಂಗಳಾದ ಮೇಲೆ ತಿರುಗಿಸಿ ಹಾಕಿದರು. ಆ ತಿಂಗಳ ಚಿತ್ರ ನೋಡುವುದು ತಪ್ಪಿಹೋಯಿತೆಂದು ಅವರ ಹೆಂಡತಿ ದೂರಿದರು.

ನಮ್ಮ ಹುಡುಗರು, ಬೆಂಗಳೂರು ಮೈಸೂರಿನಿಂದ ಇಲ್ಲಿಗೆ ಬಂದ ಐಟಿ ಹುಡುಗರು, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮೊದಲು ನನ್ನ ಮೂಲಕ ಅವರಿಗೆ ತೋರಿಸುತ್ತಿದ್ದರು. ಜಪಾನಿನಲ್ಲಿ ಓಡಿದ ಹಳೆಯ ಕಾರುಗಳು ಇಲ್ಲಿ ಬೇಕಾದಷ್ಟು ಬರುತ್ತವೆ. ಕೀಲಿ ತಿರುಗಿಸಿದರೆ ಒಳಗಿನಿಂದ ಒಬ್ಬಳು ಹೆಂಗಸು ಜಪಾನೀ ಭಾಷೆಯಲ್ಲಿ ಏನೋ ಹೇಳುತ್ತಾಳೆ. ಅವರು ಪ್ರತಿ ಸಲವೂ ಅವಳಿಗೆ "ಮಾರ್ನಿಂಗ್, ಲವ್" ಎಂದು ಉತ್ತರ ಕೊಟ್ಟೇ ಬಾನೆಟ್ ಎತ್ತುತ್ತಿದ್ದರು.

"ಆಂಟಿ, ಅಂಕಲ್‌ಗೆ ಕೇಳಿ, ಎಂಜಿನ್ ಚೆನ್ನಾಗೈತಾ ಅಂತ" ಎಂದ ಒಬ್ಬ.

"ಎಂಜಿನ್ ನಿನಗಿಂತ ಹೆಚ್ಚು ದಿನ ಬದುಕುತ್ತೆ ಅಂತ ಹೇಳಿ. ಆದ್ರೆ ಕೆಳಗಡೆ ಬಗ್ಗಿ ನೋಡು ಅನ್ನಿ" ಎಂದರು. ಹುಡುಗ ಒಳ್ಳೆಯ ಪ್ಯಾಂಟಿನಲ್ಲೇ ರಸ್ತೆಯ ಮೇಲೆ ಮಲಗಿ ನೋಡಿದ.

ಆಯುಧಪೂಜೆಗೆ ಅವನು ಅದೇ ಕಾರಿನ ನಾಲ್ಕು ಚಕ್ರಕ್ಕೆ ನಿಂಬೆಹಣ್ಣಿಟ್ಟು ನಮ್ಮನ್ನೆಲ್ಲ ಕರೆದ. ಅವರೂ ಬಂದರು. ಕುಂಕುಮ ಪೇಂಟಿಗೆ ಒಳ್ಳೆಯದಲ್ಲ ಎಂದು ಒಂದು ಸಲ ಹೇಳಿ ಸುಮ್ಮನಾದರು. ಆಮೇಲೆ ಮಂಡಿಯೂರಿ ಕೂತು, ನಾಲ್ಕೂ ನಿಂಬೆಹಣ್ಣುಗಳನ್ನು ಒಂದೊಂದಾಗಿ ಸರಿಸಿ, ಟೈರಿನ ನಟ್ಟನಡುವಿಗೆ ಬರುವ ಹಾಗೆ ಇಟ್ಟರು. ಕಾರು ಮುಂದಕ್ಕೆ ಹೋದಾಗ ನಾಲ್ಕೂ ಒಟ್ಟಿಗೆ ಒಡೆದವು. ಅಷ್ಟು ಅಚ್ಚುಕಟ್ಟಾದ ಪೂಜೆಯನ್ನು ನಾನು ಊರಲ್ಲೂ ನೋಡಿಲ್ಲ.

ನಮ್ಮವರು ತೀರಿಕೊಂಡ ವಾರ ಅವರು ಮನೆಗೆ ಬಂದು ಒಂದು ಗಂಟೆ ಕೂತರು. ಹೋಗುವಾಗ ನನ್ನ ಕಾರಿನ ಕೀಲಿ ತೆಗೆದುಕೊಂಡು ಹೋದರು. ಮರುದಿನ ಕೀಲಿ ಲೆಟರ್‌ಬಾಕ್ಸಿನೊಳಗೆ ಬಿದ್ದಿತ್ತು. ಕಾರಿಗೆ ಹೊಸ ವೈಪರ್, ಹೊಸ ಬ್ಯಾಟರಿ, ಹಿಂದಿನ ಸೀಟಿನಲ್ಲಿ ಎಷ್ಟೋ ವರ್ಷದಿಂದ ಇದ್ದ ಜ್ಯೂಸಿನ ಕಲೆಯೂ ಮಾಯ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆಮೇಲೆ ನಾನು ಮಾಡಿದ ತಪ್ಪಿಗೆ ಈ ಉಪಕಾರದ ಭಾರವೂ ಒಂದು ಕಾರಣ.

ಅವರ ಹೆಂಡತಿಗೆ ಮರೆವಿನ ಕಾಯಿಲೆ ಬಂತು. ಕೆಲವು ವರ್ಷ ಮನೆಯಲ್ಲೇ ನೋಡಿಕೊಂಡರು. ಆಗದೆ ಹೋದಾಗ ಮೇನೂತ್ ಕಡೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ದಿನಾ ಮಧ್ಯಾಹ್ನ ಎರಡೂಕಾಲಿಗೆ ಹೊರಡುತ್ತಿದ್ದರು, ಮೂರು ಗಂಟೆಯ ಟೀ ಕುಡಿಸಲು. ಬೇರೆ ಯಾರ ಕೈಯಿಂದಲೂ ಆಕೆ ಕುಡಿಯುತ್ತಿರಲಿಲ್ಲ. ನರ್ಸ್ ಕಪ್ ಹಿಡಿದರೆ ತುಟಿ ಬಿಗಿದು ಮುಖ ತಿರುಗಿಸುತ್ತಿದ್ದರು. ಗಂಡನೆಂದು ಗುರುತಿತ್ತೋ ಇಲ್ಲವೋ, ಆ ಕೈಯ ಗುರುತಿತ್ತು. ನಾನೂ ವಾರಕ್ಕೆರಡು ದಿನ ಜೊತೆಗೆ ಹೋಗುತ್ತಿದ್ದೆ. ಆಕೆ ನನ್ನ ಗೆಳತಿ. ಈ ದೇಶದಲ್ಲಿ ನನಗೆ ಬ್ರೆಡ್ ಬೇಯಿಸಲು ಕಲಿಸಿದವಳು.

ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹೊತ್ತಿಗೆ ನಾನು ಗಮನಿಸಿದೆ. ಅವರು ಟೀ ಬಗ್ಗಿಸಿದರೆ ಕಪ್ಪಿನ ಹೊರಗೆ ಬೀಳುತ್ತಿತ್ತು. ಪೇಪರ್ ಮಡಚಿಟ್ಟದ್ದು ಮಡಚಿಟ್ಟ ಹಾಗೇ ಇರುತ್ತಿತ್ತು. ಒಂದು ದಿನ ಕಾರಿನಲ್ಲಿ, ಲೈಟು ಕೆಂಪಾದ ಮೇಲೂ ಅವರ ಕಾಲು ಬ್ರೇಕಿಗೆ ಹೋಗಲಿಲ್ಲ. ಮುಂದಿನ ಲಾರಿಯ ಹಿಂದಿನ ದೀಪ ಉರಿದ ಮೇಲೆ ಹೋಯಿತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಮ್ಮಲ್ಲಿ ಹಿರಿಯರಿಗೆ, ಅದೂ ಗುರುವಿಗೆ, ನಿಮಗೆ ಕಣ್ಣು ಕಾಣುತ್ತಿಲ್ಲ ಎಂದು ಮುಖಕ್ಕೆ ಹೇಳುವವರು ಯಾರು? ಇಂಗ್ಲಿಷಿನಲ್ಲಿ ದಾಕ್ಷಿಣ್ಯಕ್ಕೆ ಸರಿಯಾದ ಮಾತೇ ಇಲ್ಲ, ಇದ್ದಿದ್ದರೆ ಬಹುಶಃ ಅವರಿಗೆ ವಿವರಿಸಬಹುದಿತ್ತು. ನಾನು ಬೇರೆ ದಾರಿ ಹಿಡಿದೆ. ವಾರಕ್ಕೆರಡು ದಿನದ ಬದಲು ದಿನಾ ಹೊರಟೆ. ಪಕ್ಕದಲ್ಲಿ ಕೂತು ಹರಟೆಯ ಹಾಗೆ ರಸ್ತೆಯನ್ನೇ ಹೇಳತೊಡಗಿದೆ.

"ಅಯ್ಯೋ, ಈ ಲೈಟು ಎಷ್ಟು ಬೇಗ ಕೆಂಪಾಗುತ್ತೆ ನೋಡಿ."

"ಪಾಪ, ಆ ಸೈಕಲ್ ಹುಡುಗ ಮಳೇಲಿ ನೆನೀತಿದಾನೆ, ಎಡಗಡೆ."

"ಬಸ್ಸು ನಿಂತೇಬಿಟ್ತಲ್ಲ, ಇಳಿಯೋರು ಜಾಸ್ತಿ ಇರಬೇಕು."

ಅವರು ಹೂಂ ಎನ್ನುತ್ತಿದ್ದರು, ಕಾಲು ಬ್ರೇಕಿಗೆ ಹೋಗುತ್ತಿತ್ತು. ಲೆಪರ್ಡ್ಸ್‌ಟೌನಿನಲ್ಲಿ ಕೆಲಸ ಮಾಡುವ ನನ್ನ ಮಗಳಿಗೆ ಒಂದು ಭಾನುವಾರ ಫೋನಿನಲ್ಲಿ ಇದನ್ನು ಹೇಳಿದೆ, ಸ್ವಲ್ಪ ಜಾಣತನದ ಹೆಮ್ಮೆಯಿಂದಲೇ. ಅವಳು ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಮಮ್, ಆರ್ ಯು ಸೀರಿಯಸ್? ಟೆಲ್ ಹಿಮ್. ಜಸ್ಟ್ ಟೆಲ್ ಹಿಮ್."

"ಹೇಳ್ತೀನಿ ಕಣೆ, ಕ್ರಿಸ್ಮಸ್ ಕಳೀಲಿ."

ಕ್ರಿಸ್ಮಸ್ ಕಳೆಯಿತು. ಸಂಕ್ರಾಂತಿಯೂ ಕಳೆಯಿತು. ನಾನು ಹೇಳಿದರೆ ಅವರು ಕಾರು ಬಿಡುತ್ತಾರೆ, ಕಾರು ಬಿಟ್ಟರೆ ಮೂರು ಗಂಟೆಗೆ ಆಕೆ ಬಾಯಾರಿ ಕೂತಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ನೀನೇ ಓಡಿಸಬಹುದಲ್ಲ ಎಂದು ಯಾರಾದರೂ ಕೇಳಿಯಾರು. ನಾನು ಓಡಿಸುತ್ತೇನೆ ಎಂದರೆ ಯಾಕೆ ಎಂದು ಹೇಳಬೇಕಲ್ಲ. ಅಲ್ಲಿಗೇ ಬಂದು ನಿಲ್ಲುತ್ತಿದ್ದೆ.

ಮಾರ್ಚ್ ತಿಂಗಳಲ್ಲಿ ನನಗೆ ಗಂಟಲು ಕಟ್ಟಿತು. ಪೂರ್ತಿ ಕಟ್ಟಿತು, ಪಿಸುಮಾತೂ ಹೊರಡದು. ಡಾಕ್ಟರು ಮನೆಯಲ್ಲಿರಿ ಎಂದರು. ಕಾರಿನಲ್ಲಿ ಮಿಸ್ಟರ್ ಒಬ್ಬರನ್ನೇ ಹೋಗಲು ಬಿಡುವುದು ಹೇಗೆ? ಮಫ್ಲರ್ ಸುತ್ತಿಕೊಂಡು ಹತ್ತಿ ಕೂತೆ, ಏನಾದರಾದರೆ ಕೈ ಮಾಡಿ ತೋರಿಸಿದರಾಯಿತು ಎಂದು.

"ಇವತ್ತು ರೇಡಿಯೋ ಆಫ್" ಎಂದು ಅವರು ನಕ್ಕರು.

ದಾರಿಯಲ್ಲಿ ಒಂದು ಸಣ್ಣ ಊರು ಬರುತ್ತದೆ. ಒಂದು ಚರ್ಚು, ಒಂದು ಶಾಲೆ, ನಡುವೆ ಝೀಬ್ರಾ ಕ್ರಾಸಿಂಗ್. ಒಬ್ಬ ತಾಯಿ ಮಗುವಿನ ಗಾಡಿಯನ್ನು ತಳ್ಳಿಕೊಂಡು ರಸ್ತೆಗೆ ಇಳಿದಳು. ನಾನು ಕೈ ಎತ್ತಿ ತೋರಿಸಿದೆ. ಅವರು ನೋಡಲಿಲ್ಲ, ಕೈಯನ್ನೂ, ಗಾಡಿಯನ್ನೂ. ಕಾರು ನಿಧಾನವಾಗೇ ಹೋಗುತ್ತಿತ್ತು, ಆದರೆ ಹೋಗುತ್ತಿತ್ತು. ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಇಬ್ಬರ ನಡುವೆ ಹ್ಯಾಂಡ್‌ಬ್ರೇಕ್ ಇತ್ತು. ಎರಡೂ ಕೈಯಲ್ಲಿ ಹಿಡಿದು ಎಳೆದೆ.

ಕಾರು ಮುಗ್ಗರಿಸಿ ನಿಂತು, ಎಂಜಿನ್ ಆಫ್ ಆಯಿತು. ಗಾಡಿ ನಮ್ಮ ಬಂಪರಿಗೆ ಒಂದು ಮೊಳ ದೂರದಲ್ಲಿತ್ತು. ಆ ತಾಯಿ ನಾವು ದಾರಿ ಬಿಟ್ಟೆವೆಂದು ತಿಳಿದು ಕೈಯೆತ್ತಿ ಥ್ಯಾಂಕ್ಸ್ ಮಾಡಿ ಹೋದಳು.

ಅವರು ಸ್ಟಿಯರಿಂಗ್ ಹಿಡಿದೇ ಕೂತಿದ್ದರು. ಹಿಂದಿನವರು ಹಾರ್ನ್ ಕೂಡ ಮಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ದಿನಾ ಮಾತಾಡ್ತಿದ್ದಿದ್ದು" ಎಂದರು. "ಲೈಟು. ಸೈಕಲ್ಲು. ಬಸ್ಸು."

ನಾನು ಹೌದೆಂದು ತಲೆಯಾಡಿಸಿದೆ.

"ಎಷ್ಟು ದಿನದಿಂದ?"

ಐದು ಬೆರಳು ತೋರಿಸಿದೆ. ಅವರು ಮುಖ ಹತ್ತಿರ ತಂದು ಬೆರಳುಗಳನ್ನು ಎಣಿಸಿದರು. ನನಗೆ ಅಳು ಬಂದದ್ದು ಆಗ.

"ಐದು ದಿನ?"

ಅಲ್ಲ ಎಂದು ತಲೆಯಾಡಿಸಿದೆ.

"ವಾರ?"

ಮತ್ತೆ ತಲೆಯಾಡಿಸಿದೆ. ಮೂರನೆಯದನ್ನು ಅವರು ಕೇಳಲಿಲ್ಲ. ಬಾಗಿಲು ತೆಗೆದು ಇಳಿದು, ಬಾನೆಟ್ಟಿನ ಮೇಲೆ ಕೈಯೂರಿಕೊಂಡು ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆಗೆದು ನಿಂತರು. "ಅವಳ ಟೀಗೆ ಹೊತ್ತಾಗುತ್ತೆ. ಓಡಿಸಿ" ಎಂದರು. ನಾನು ಓಡಿಸಿದೆ.

ಮುಂದಿನ ಹನ್ನೊಂದು ದಿನ ನನ್ನೊಡನೆ ಮಾತಿಲ್ಲ. ಲೈಸೆನ್ಸನ್ನು ತಾವೇ ಕವರಿನಲ್ಲಿ ಹಾಕಿ ವಾಪಸ್ ಕಳಿಸಿಬಿಟ್ಟರೆಂದು ಎದುರುಮನೆಯವರಿಂದ ತಿಳಿಯಿತು. ಊಟಕ್ಕೂ ಮೊದಲೇ ಮನೆ ಬಿಟ್ಟು ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದರು. ಬಸ್ ಸ್ಟಾಪಿನಲ್ಲಿ ಬರುವ ಪ್ರತಿ ಬಸ್ಸಿಗೂ ಕೈ ಮಾಡಿ ನಿಲ್ಲಿಸಿ, ನಂಬರ್ ಯಾವುದೆಂದು ಡ್ರೈವರನ್ನು ಕೇಳುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಒಂದು ದಿನ ಎರಡನೆಯ ಬಸ್ಸು ತಪ್ಪಿ ನಾಲ್ಕೂವರೆಗೆ ತಲುಪಿದರಂತೆ. ಆಕೆ ಅಷ್ಟು ಹೊತ್ತೂ ತುಟಿ ಬಿಗಿದು ಕೂತಿದ್ದರೆಂದು ಅಲ್ಲಿಯ ನರ್ಸ್ ನನಗೆ ಫೋನ್ ಮಾಡಿ ಹೇಳಿದಳು.

ಆ ಸಂಜೆ ಹೋಗಿ ಬಾಗಿಲು ತಟ್ಟಿದೆ. ಗಂಟಲು ಅಷ್ಟರಲ್ಲಿ ಬಿಟ್ಟಿತ್ತು. ಹೇಳಬೇಕಾದ್ದನ್ನೆಲ್ಲ ಕಾನ್ವೆಂಟಿನಲ್ಲಿ ಕನ್ಫೆಷನ್ನಿಗೆ ನಿಲ್ಲುತ್ತಿದ್ದ ಹುಡುಗಿಯರ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ.

"ನಿಮಗೆ ಅವಮಾನ ಆಗಬಾರದು ಅಂತ ಸುಮ್ಮನಿದ್ದೆ" ಎಂದೆ.

"ನನಗೆ ಅವಮಾನ ಆಗಿಲ್ಲ ಮಿಸಸ್. ಭಯ ಆಗಿದೆ. ರಾತ್ರಿ ಕಣ್ಣು ಮುಚ್ಚಿದ್ರೆ ಆ ಗಾಡಿ ಬರುತ್ತೆ. ನೀಲಿ ಬಣ್ಣದ್ದಾ ಅದು?"

"ಹಸಿರು."

"ನನಗೆ ನೀಲಿ ಬರುತ್ತೆ."

ಕೆಟಲ್ ಇಟ್ಟರು. ಕಪ್ಪಿನೊಳಗೆ ಒಂದು ಬೆರಳು ಇಳಿಬಿಟ್ಟು, ನೀರು ಬೆರಳಿಗೆ ತಾಗುವವರೆಗೆ ಬಗ್ಗಿಸಿದರು. ನೋಡಲಾಗಲಿಲ್ಲ.

"ಬೆರಳು ಸುಡುತ್ತೆ, ಕೊಡಿ ನಾನು ಮಾಡ್ತೀನಿ" ಎಂದೆ.

"ನೋಡಿದ್ರಾ, ಹೇಳೋಕೆ ಬರುತ್ತೆ ನಿಮಗೆ" ಎಂದರು. ಕೆಟಲನ್ನು ನನ್ನ ಕೈಗೆ ಕೊಟ್ಟು, "ನಿಮ್ಮನ್ನ ಒಬ್ಬರನ್ನೇ ಬೈಯೋಕೆ ಆಗಲ್ಲ. ನನಗೂ ಗೊತ್ತಿತ್ತು. ಲೈಟು ಕಾಣ್ತಿಲ್ಲ ಅಂತ ನಿಮಗಿಂತ ಮುಂಚೆ ನನಗೆ ಗೊತ್ತಿತ್ತು. ಶೆಡ್ಡಲ್ಲಿ ಹಗ್ಗ ಎಳೆದ್ರೆ ನಿಲ್ಲೋದು ಕಾರುಗಳು. ಇಲ್ಲಿ ಎಳೆದಿದ್ರೆ ಅವಳ ಟೀ ನಿಲ್ತಿತ್ತು" ಎಂದರು.

"ನಾಳೆಯಿಂದ ನಾನು ಓಡಿಸ್ತೀನಿ. ದಿನಾ."

"ನಿಮಗೂ ವಯಸ್ಸಾಯ್ತು."

"ಆಯ್ತು. ನಂಬರ್ ಪ್ಲೇಟ್ ಓದಿಸಿ ನೋಡಿ ಬೇಕಾದ್ರೆ."

ನಿಜವಾಗಿಯೂ ಓದಿಸಿದರು. ಮರುದಿನ ಎದುರುಮನೆಯವರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ರಸ್ತೆಯ ತುದಿಯ ಕಾರಿನದು. ಪಾಸಾದೆ. ಒಂದೂವರೆ ವರ್ಷ, ನನಗೆ ಜ್ವರ ಬಂದ ನಾಲ್ಕು ದಿನ ಬಿಟ್ಟು, ಎರಡೂಕಾಲಿಗೆ ನಾವು ಹೊರಟೆವು. ಪಕ್ಕದಲ್ಲಿ ಕೂತು ಕಾರನ್ನು ಕೇಳಿಸಿಕೊಳ್ಳುತ್ತಾ ಬರುತ್ತಿದ್ದರು. "ಕ್ಲಚ್ ಮೇಲೆ ಕಾಲು ಇಟ್ಕೊಂಡಿದೀರಿ" ಎನ್ನುತ್ತಿದ್ದರು. "ನಿಮ್ಮ ಸ್ವೆಟರ್ ತಿರುಗಾಮುರುಗಾ ಇದೆ" ಎಂದು ನಾನೂ ಹೇಳುತ್ತಿದ್ದೆ. ಅಷ್ಟು ನೆಟ್ಟಗೆ ನಾನು ನಮ್ಮವರೊಡನೆ ಕೂಡ ಮಾತಾಡಿರಲಿಲ್ಲ.

ಕಣ್ಣು ಪೂರ್ತಿ ಹೋಗುತ್ತಾ ಬಂದಾಗ ಅವರು ತಾವೂ ಆ ನರ್ಸಿಂಗ್ ಹೋಮಿಗೇ ಸೇರುತ್ತೇನೆಂದರು. ಆಕೆಯ ಪಕ್ಕದ ಕೋಣೆ ಸಿಕ್ಕಿತು. ಅವರ ಕಾರನ್ನು ಅಕ್ಕನ ಮೊಮ್ಮಗಳು ತೆಗೆದುಕೊಂಡು ಹೋದಳು.

ಆಮೇಲೂ ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಕೊನೆಯ ಸಲ ಹೋದದ್ದು ಬೆಂಗಳೂರಿಗೆ ಹೊರಡುವ ಎರಡು ದಿನ ಮೊದಲು, ಒಂದು ಗುರುವಾರ. ಹೋಗಿ ಬರುತ್ತೇನೆಂದು ಹೇಳಲು ಹೋಗಿದ್ದೆ. ಆಕೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕಿಟಕಿಯ ಹತ್ತಿರ ಇಬ್ಬರೂ ಎದುರುಬದುರು ಕೂತಿದ್ದರು. ಆಗ ಆಕೆಗೆ ಟೀ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಬದಲಿಗೆ ಕಸ್ಟರ್ಡ್ ಕೊಡುತ್ತಿದ್ದರು. ಅವರು ಬಟ್ಟಲಿನ ಅಂಚನ್ನು ಹೆಬ್ಬೆರಳಲ್ಲಿ ಹುಡುಕಿ, ಚಮಚ ತುಂಬಿ, ಎತ್ತಿದರು. ಚಮಚ ಆಕೆಯ ಕೆನ್ನೆಯ ಕಡೆಗೆ ಹೋಗುತ್ತಿತ್ತು. ಇನ್ನೂ ಬಲಕ್ಕೆ ಎಂದು ಹೇಳಲು ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಆಕೆಯ ಕೈ ಮಡಿಲಿನಿಂದ ಮೇಲೆ ಬಂತು. ಒಂದು ವರ್ಷದಿಂದ ನನ್ನ ಹೆಸರು, ಮನೆ, ದಿನ ಯಾವುದೂ ನೆನಪಿಲ್ಲದ ಆಕೆ, ಗಂಡನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು, ಚಮಚವನ್ನು ತಿರುಗಿಸಿ, ತನ್ನ ಬಾಯಿಗೆ ತಂದುಕೊಂಡಳು. ತಿಂದಳು. ಕೈ ಬಿಡಲಿಲ್ಲ. ಅವರು ಎರಡನೆಯ ಚಮಚ ತುಂಬಿದಾಗಲೂ ಆ ಕೈ ಮಣಿಕಟ್ಟಿನ ಮೇಲೇ ಇತ್ತು, ಬಟ್ಟಲಿಗೆ ಇಳಿದು, ಮೇಲೆ ಬಂದು, ಮತ್ತೆ ಇಳಿದು.

ನಾನು ಒಳಗೆ ಹೋಗಲಿಲ್ಲ. ತಂದಿದ್ದ ಕಿತ್ತಳೆಹಣ್ಣಿನ ಚೀಲವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಬಂದೆ.